ಸೋಮವಾರದ ಕೆಮ್ಮು

ಮೊಮ್ಮಗನಿಗೆ ಹೆಸರಿಡುವ ದಿನ ಯಾರೋ ಮರದ ಕುದುರೆಯೊಂದನ್ನು ತಂದುಕೊಟ್ಟರು. ಕಾಗದ ಬಿಚ್ಚಿದ್ದೇ ತಡ, ಹಸಿ ಬಣ್ಣದ ವಾಸನೆ ಮೂಗಿಗೆ ಬಡಿಯಿತು. ಮನೆ ತುಂಬ ಜನ, ನನಗೋ ಕಾಲು ನೆಲದ ಮೇಲೆ ನಿಲ್ಲದಷ್ಟು ಹಿಗ್ಗು... ಆದರೂ ಆ ವಾಸನೆ ನನ್ನನ್ನು ಹಳೆಯ ಓಣಿಗೆ ಎಳೆದೊಯ್ದಿತು.

ನಾನು ಮದುವೆಯಾಗಿ ದಾವಣಗೆರೆಗೆ ಬಂದ ಹೊಸದು. ನಮ್ಮ ಯಜಮಾನರು ಬಟ್ಟೆ ಮಿಲ್ಲಿನಲ್ಲಿ ಹತ್ತಿ ಹಿಂಜುವ ಕಡೆ ದುಡಿಯುತ್ತಿದ್ದರು. ಎದುರುಮನೆ ಕಾಕಾನೂ ಅದೇ ಮಿಲ್ಲಿನವರೇ, ಹಿಂದೆಮುಂದೆ ಯಾರೂ ಇಲ್ಲದ ಒಂಟಿ ಜೀವ. ರಜೆಯ ದಿನ ಹರಿಹರಕ್ಕೆ ಹೋಗಿ, ಹೊಳೆಯಲ್ಲಿ ತೇಲಿಬಂದ ಕಟ್ಟಿಗೆ ಹೊತ್ತು ತಂದು, ಕಟ್ಟೆಯ ಮೇಲೆ ಕೂತು ಗೊಂಬೆ ಕೆತ್ತುತ್ತಿದ್ದರು. ಯಾರೂ ಕಲಿಸಿದ ವಿದ್ಯೆಯಲ್ಲ. ತಲೆ ದಪ್ಪ, ಕಾಲು ಗಿಡ್ಡ. ಮುಖ ಮಾತ್ರ ಕಂಡಕೂಡಲೇ ಓಣಿಯ ಇಂಥವರದೇ ಅಂತ ಗುರುತು ಸಿಗುತ್ತಿತ್ತು. ಬಣ್ಣ ಹಚ್ಚಿದ ಮೇಲೆ ಹುಬ್ಬಿಗೆ, ಮೀಸೆಗೆ ನಿಜವಾದ ಹತ್ತಿಯನ್ನೇ ಅಂಟಿಸುತ್ತಿದ್ದರು. ಮಿಲ್ಲು ಬಿಟ್ಟಾಗ ನಮ್ಮ ಗಂಡಸರೆಲ್ಲ ಹಾಗೇ ಬರುತ್ತಿದ್ದರು, ಹರೆಯದಲ್ಲೇ ನರೆತವರ ಹಾಗೆ.

ಓಣಿಯ ಹೆಂಗಸರಿಗೆ ಆ ಕಟ್ಟೆ ಅಂದರೆ ಭಯ. ಮೂಲೆಮನೆಯವನ ಗೊಂಬೆ ಆಯಿತು, ಮಳೆಗಾಲ ಕಳೆಯುವುದರೊಳಗೆ ಅವನು ಹೋದ. ಆಮೇಲೆ ಅವನ ಪಕ್ಕದವನು... ಗೊಂಬೆಯನ್ನು ಆಯಾ ಮನೆಗೇ ಕೊಟ್ಟು ಬರುತ್ತಿದ್ದರು ಕಾಕಾ. ಒಬ್ಬಳು ಅದನ್ನು ಒಲೆಗೆ ಹಾಕಿದಳಂತೆ.

"ಕಾಕಾ ಉಳಿ ಹಿಡಿದ ಅಂದ್ರ ಒಂದು ಹೆಣ ಗ್ಯಾರಂಟಿ ಬಿಡ್ರಿ" ಅಂತ ನಲ್ಲಿಯ ಹತ್ತಿರ ನಗುತ್ತಿದ್ದರು. ನಗುತ್ತಲೇ ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದರು.

ನಾನಾಗ ಬಸುರಿ. ಒಂದು ಬೆಳಗ್ಗೆ ಬಾಗಿಲ ಕಸ ಗುಡಿಸುತ್ತಾ ಕತ್ತೆತ್ತಿದೆ. ಕಾಕಾನ ತೊಡೆಯ ಮೇಲಿನ ಕಟ್ಟಿಗೆಯಲ್ಲಿ ಗದ್ದವೊಂದು ಮೂಡಿತ್ತು, ನಡುವೆ ಕುಳಿಬಿದ್ದ ಗದ್ದ. ಅಂಥದ್ದು ಓಣಿಯಲ್ಲಿ ಒಬ್ಬರಿಗೇ ಇದ್ದದ್ದು. ಪೊರಕೆ ಹಿಡಿದೇ ಅವರ ಕಟ್ಟೆಯ ಹತ್ತಿರ ಓಡಿದೆ.

"ನಮ್ಮವ್ರನ್ನ ಯಾಕ ಕೆತ್ತಾಕತ್ತೀರಿ? ನಿಮ್ಮ ಕೈ ಸೇದಿ ಹೋಗ!"

ಕಾಕಾ ಸಿಟ್ಟಾಗಲಿಲ್ಲ. ಉಳಿ ಕೆಳಗಿಟ್ಟರು. "ಗೊಂಬೆ ಮಾಡಿದ್ದಕ್ಕ ಯಾರೂ ಸತ್ತಿಲ್ಲವ್ವ. ಕೆಮ್ಮು ಕೇಳಿ ಗೊಂಬೆ ಮಾಡೀನಿ. ಫೋಟೋ ತೆಗೆಸೋ ತಾಕತ್ತು ನಮಗೆಲ್ಲೈತೆ? ಮಕ್ಕಳಿಗೆ ಅಪ್ಪನ ಮುಖ ಬ್ಯಾಡೇನು?"

"ಅವ್ರದ್ದು ನೆಗಡಿ ಕೆಮ್ಮು ರೀ..."

"ನೆಗಡಿ ವಾರ ನೋಡಿ ಬರಂಗಿಲ್ಲ. ರಜಾ ಮುಗಿಸಿ ಸೋಮವಾರ ಮಿಲ್ಲಿನೊಳಗ ಕಾಲಿಟ್ರ ಎದಿ ಬಿಗೀತೈತಲ್ಲ, ಅದು ಹತ್ತಿ ಧೂಳಿನ ಕೆಮ್ಮು. ಅವನ್ನ ಅಲ್ಲಿಂದ ಬಿಡಿಸವ್ವ. ನಾ ಇದನ್ನ ಇಲ್ಲಿಗೇ ನಿಲ್ಲಿಸ್ತೀನಿ."

ನೆನೆಸಿಕೊಂಡರೆ ಹೌದು... ಭಾನುವಾರ ಸಂತೆಗೆ ಹೋಗಿ ಮೂಟೆ ಹೊತ್ತು ಬರುವವರು, ಸೋಮವಾರ ಸಂಜೆ ಹೊಸ್ತಿಲಲ್ಲೇ ಕುಸಿದು ಕೂರುತ್ತಿದ್ದರು. ನೋಡಿಯೂ ನಾನು ಗಮನಿಸಿರಲಿಲ್ಲ.

ಯಜಮಾನರು ಸುಲಭಕ್ಕೆ ಒಪ್ಪಲಿಲ್ಲ. ಮಿಲ್ಲು ಬಿಟ್ಟು ನನ್ನ ತವರೂರು ಕೊಂಡಜ್ಜಿಗೆ ಹೋಗೋಣ ಅಂದಿದ್ದೆ. "ಅತ್ತಿ ಮನ್ಯಾಗ ಬಿದ್ದು ಎಮ್ಮಿ ಕಾಯಲೇನು?" ಅಂದರು.

"ಕಾಯ್ರಿ! ನೀವು ಎಮ್ಮಿ ಹಿಂದಿದ್ರ ನನ್ನ ಕುಂಕುಮ ಹಣಿ ಮ್ಯಾಲಿರ್ತೈತೆ" ಅಂದೆ.

ಹೊರಟೆವು. ಮನೆಅಳಿಯ ಅಂತ ಊರವರಿಂದ ಅನ್ನಿಸಿಕೊಂಡರು, ಎಮ್ಮೆಯನ್ನೂ ಕಾದರು. ಸೋಮವಾರಗಳು ಬಂದವು, ಹೋದವು, ಕೆಮ್ಮು ತಗ್ಗುತ್ತಾ ಬಂತು. ಮಗ ಅಪ್ಪನ ಹೆಗಲ ಮೇಲೆ ಕೂತು ಬೆಳೆದ.

ಕೆಲವು ವರ್ಷಗಳ ಮೇಲೆ ದಾವಣಗೆರೆಗೆ ಹೋದಾಗ ಕಾಕಾನ ಮನೆಯಲ್ಲಿ ಬೇರೆಯವರಿದ್ದರು. ಕಾಕಾ ತೀರಿಕೊಂಡಿದ್ದರು. ಅವರೂ ಅದೇ ಧೂಳು ಕುಡಿದವರಲ್ಲವೆ? ಓಣಿಯವರೆಲ್ಲರ ಕೆಮ್ಮು ಕೇಳಿದವರು... ಅವರ ಕೆಮ್ಮನ್ನು ನಾವ್ಯಾರೂ ಕೇಳಿಸಿಕೊಳ್ಳಲಿಲ್ಲ.

ಹೆಸರಿಡುವ ಗದ್ದಲ ಮುಗಿದ ಮೇಲೆ, ಮೊಮ್ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದ ಯಜಮಾನರನ್ನು ಕೇಳಿದೆ: "ಕಾಕಾನ ಮುಖ ಹೆಂಗಿತ್ತು ರೀ?"

ಮೊಮ್ಮಗನ ಮೂಗನ್ನು ಬೆರಳಿಂದ ಸವರಿದರು. "ಮೂಗು ಉದ್ದ ಇತ್ತೇನೋ..." ಅಂದರು.

ನನಗೆ ಚಪ್ಪಟೆ ಮೂಗು ಅಂತ ನೆನಪು.