ತಂಗಿಗೆ ರುಚಿ ಹತ್ತಿದ ಟಾಕೊ

ದಾವಣಗೆರೆಯಲ್ಲಿ ಆಸ್ಪತ್ರೆಯಿದ್ದ ಬಡಾವಣೆಯಲ್ಲಿ ಮೆಕ್ಸಿಕನ್ ಹೋಟೆಲುಗಳು ಎರಡಿದ್ದವು. ನನ್ನಂಥ ಹೊನ್ನಾಳಿಯ ಹೆಂಗಸಿಗೆ ಅಲ್ಲೇನು ಕೆಲಸ ಎಂದು ಯಾರಾದರೂ ಕೇಳಬಹುದು. ಕೆಲಸ ನನ್ನದಲ್ಲ, ತಂಗಿಯದು. ಬಿಳಿಚೋಡಿಗೆ ಕೊಟ್ಟಿದ್ದ ಅವಳಿಗೆ ಕ್ಯಾನ್ಸರ್ ಆಗಿತ್ತು. ಗಂಡ ಕುರಿ ಬಿಟ್ಟು ಬರುವಂತಿರಲಿಲ್ಲ. ಕೀಮೋ ಇದ್ದ ದಿನ ಅವಳು ಆ ಕಡೆಯ ಬಸ್ಸಿಗೆ, ನಾನು ಈ ಕಡೆಯ ಬಸ್ಸಿಗೆ ಬಂದು ಆಸ್ಪತ್ರೆಯ ಬಾಗಿಲಲ್ಲಿ ಕೂಡುತ್ತಿದ್ದೆವು.

ಔಷಧಿ ಅವಳ ನಾಲಿಗೆಯ ರುಚಿಯನ್ನೇ ಕಿತ್ತುಕೊಂಡಿತ್ತು. ಸೊರಗಿ ಕಡ್ಡಿಯಾಗಿದ್ದಳು. "ಏನಾದರೂ ಸರಿ, ಹೊಟ್ಟೆಗೆ ಹೋಗಲೇಬೇಕು" ಎಂದಿದ್ದರು ಡಾಕ್ಟರು. ನಾನು ನಮ್ಮ ಕಡೆಯ ಪದ್ಧತಿಯಂತೆ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದೆ: ಜೋಳದ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ. ಅವಳು ಒಂದು ಚೂರು ಬಾಯಿಗಿಟ್ಟು ಮುಖ ತಿರುಗಿಸುತ್ತಿದ್ದಳು.

"ಮಣ್ಣು ತಿಂದಂಗೆ ಆಗ್ತೈತೆ ಅಕ್ಕಾ. ಫೋನಿನಾಗೆ ತೋರಿಸ್ತಾರಲ್ಲ, ಟಾಕೊ ಅಂತ, ಅದನ್ನ ತಿನ್ನಾಕೆ ಮನಸ್ಸಾಗೈತೆ."

"ನಿನ್ನ ತಲೆ! ಎಲ್ಲ ಬಿಟ್ಟು ಅದೇ ಬೇಕಾ?" ಎಂದು ಬೈದೆ. ಬೈದುಕೊಂಡೇ ಕರೆದುಕೊಂಡು ಹೋದೆ. ಮೊದಲ ಹೋಟೆಲಿನಲ್ಲಿ ಬರೀ ಚೀಸು, ಇಬ್ಬರಿಗೂ ಸೇರಲಿಲ್ಲ. ಎರಡನೆಯದರಲ್ಲಿ ಮಡಚಿದ ಸಣ್ಣ ರೊಟ್ಟಿಯೊಳಗೆ ಕಾಳಿನ ಪಲ್ಯ, ಹಸಿ ಈರುಳ್ಳಿ, ಮೇಲೆ ನಿಂಬೆಹುಳಿ, ಖಾರ. ಕಚ್ಚಿದವಳೇ ಕಣ್ಣರಳಿಸಿದಳು.

"ಅಕ್ಕಾ, ಹುಳಿ ಗೊತ್ತಾಗ್ತೈತೆ!"

ಅಯ್ಯೋ, ಆ ಸಂತೋಷವನ್ನು ಏನೆಂದು ಹೇಳಲಿ! ಇನ್ನಷ್ಟು ತಿನ್ನಿಸಬಹುದೆಂದು ಸಂಭ್ರಮದಲ್ಲಿ ಅಲ್ಲೇ ಬುತ್ತಿ ಬಿಚ್ಚಿ, ನನ್ನ ರೊಟ್ಟಿಯ ಮೇಲೂ ಆ ಕಾಳನ್ನು ಹರವಿದೆ. ಹೋಟೆಲಿನವರು ಓಡಿ ಬಂದರು.

"ಹೊರಗಿನ ಊಟ ಇಲ್ಲಿ ಬಿಚ್ಚಂಗಿಲ್ಲ ರೀ."

"ನಿಮ್ಮದೂ ರೊಟ್ಟಿ, ನಮ್ಮದೂ ರೊಟ್ಟಿ, ಜಗಳ ಯಾಕಪ್ಪಾ?" ಎಂದೆ. ತಂಗಿ ನಕ್ಕು ನಕ್ಕು ಕೆಮ್ಮಿದಳು.

ಅಲ್ಲಿಂದ ಮುಂದೆ ಪ್ರತಿ ಸಲವೂ ಅದೇ ಹೋಟೆಲು. ನಾನು ಎದುರು ಕೂತು ಗದರುವುದು, ಗೋಗರೆಯುವುದು. ಅವಳು "ಸಾಕು ಬಿಡು ಮಾರಾಯ್ತಿ" ಎನ್ನುತ್ತಲೇ ತಿನ್ನುವುದು. ಬರುಬರುತ್ತಾ ಅರ್ಧ ಉಳಿಯತೊಡಗಿತು. ಕೊನೆಯ ಸಲ ನಿಂಬೆಹೋಳನ್ನು ಮಾತ್ರ ನೆಕ್ಕಿ ತಟ್ಟೆ ಸರಿಸಿದಳು. ಸುಗ್ಗಿ ಮುಗಿಯುವಷ್ಟರಲ್ಲಿ ಹೋಗಿಬಿಟ್ಟಳು.

ತಿಥಿಯ ದಿನ ದಾವಣಗೆರೆಯಲ್ಲಿ ಇಳಿದು, ಟಾಕೊ ಕಟ್ಟಿಸಿಕೊಂಡು ಬಿಳಿಚೋಡಿಗೆ ಹೋದೆ. ನಮ್ಮಲ್ಲಿ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯ ಮೇಲೆ ಎಡೆ ಇಡುತ್ತೇವೆ. ಅವರು ಬಂದು ಉಣ್ಣಲಿ ಎಂದು ಸ್ವಲ್ಪ ಹೊತ್ತು ಬಾಗಿಲು ಹಾಕುತ್ತೇವೆ. ಹೋಳಿಗೆಯ ಪಕ್ಕದಲ್ಲಿ ಟಾಕೊ ಕಂಡು ತಂಗಿಯ ಅತ್ತೆ ಹುಬ್ಬು ಗಂಟಿಕ್ಕಿದರು.

"ಇದೇನವ್ವಾ, ಎಡೆಗೆ ಇದನ್ನ ಇಡಾಕೆ ಬರ್ತೈತಾ?"

"ನಿಮ್ಮ ಸೊಸೆ ಕಡೀಕೆ ಇಷ್ಟಪಟ್ಟು ತಿಂದಿದ್ದು ಇದೊಂದೇ ರೀ" ಎಂದೆ.

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, ತಾವೇ ಅದನ್ನು ಎಲೆಯ ನಡುವಿಗೆ ಸರಿಸಿ ಬಾಗಿಲು ಹಾಕಿದರು. ಎಲ್ಲರೂ ಅಂಗಳಕ್ಕೆ ಬಂದು ನಿಂತೆವು.

ಬಾಗಿಲು ತೆಗೆದರು. ಎಡೆ ಕಮ್ಮಿಯಾಗುವುದಿಲ್ಲ ಎಂದು ಈ ವಯಸ್ಸಿಗೆ ನನಗೆ ಗೊತ್ತಿಲ್ಲವೇ? ಆದರೂ ಎಲ್ಲರಿಗಿಂತ ಮೊದಲು ನುಗ್ಗಿ, ಬಗ್ಗಿ, ಟಾಕೊದ ಅಂಚನ್ನೇ ನೋಡಿದೆ. ಎಲ್ಲೂ ಕಚ್ಚಿದ ಗುರುತಿರಲಿಲ್ಲ.

"ಒಂದೇ ಒಂದು ತುತ್ತು ತಿನ್ನೇ" ಎಂದು ಎಲ್ಲರೆದುರು ಕೂಗಿಬಿಟ್ಟೆ. ಆ ಅತ್ತೆಯೇ ನನ್ನ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದರು.