ಗಂಡನ ಹೆಸರು ಕಡ್ಡಾಯ

ಇಳಕಲ್ ಸೀರೆಯನ್ನು ಇಂಟರ್ನೆಟ್ಟಿನಲ್ಲಿ ಮಾರಬೇಕೆಂಬ ಹುಚ್ಚು ಅಪ್ಪಾಸಾಹೇಬರಿಗೆ ಹತ್ತಿದ್ದು ೨೦೦೮ರಲ್ಲಿ. ಸ್ವಾರಗೇಟ್ ಬಸ್ ನಿಲ್ದಾಣದ ಹಿಂದಿದ್ದ ಅವರ ಅಂಗಡಿಯಲ್ಲಿ ಕಂಪ್ಯೂಟರ್ ಬಲ್ಲವಳೆಂದರೆ ಧಾರವಾಡದ ತ್ರಿವೇಣಿ ಒಬ್ಬಳೇ. ಸಾಹೇಬರಿಗೆ ಮೌಸ್ ಹಿಡಿಯಲೂ ಬಾರದು. ಬಂದ ಮೇಲ್‌ಗಳನ್ನು ಅವಳು ಪ್ರಿಂಟ್ ತೆಗೆದು ಕೊಡಬೇಕು, ಅವರು ಅದರ ಮೇಲೆ ಚಹಾ ಚೆಲ್ಲುತ್ತ ಓದಬೇಕು. ಆದರೂ ಸಲಹೆಗೆ ಬರವಿರಲಿಲ್ಲ.

"ಆರ್ಡರ್ ಮುಗಿಸೋ ಪುಟದಾಗ ಬರೇ ಹೆಸರು, ಪತ್ತೆ, ಫೋನ್ ಕೇಳಿದ್ರ ಸಾಲದು. ಗಂಡನ ಹೆಸರೂ ಕೇಳು. ಮನೆತನ ಎಂಥಾದ್ದು ಅಂತ ಗೊತ್ತಾಗ್ತದ."

ಸೀರಿ ಕೊಡ್ತೀವೋ, ಹೆಣ್ಣು ಕೊಡ್ತೀವೋ ಎಂಬ ಮಾತು ತ್ರಿವೇಣಿಯ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡು ಗಂಡನ ಹೆಸರಿಗೊಂದು ಖಾನೆ ಸೇರಿಸಿದಳು. ಪಕ್ಕದಲ್ಲೊಂದು ಕೆಂಪು ಚುಕ್ಕೆಯನ್ನೂ ಇಟ್ಟಳು: ತುಂಬದಿದ್ದರೆ ಆರ್ಡರ್ ಮುಂದೆ ಹೋಗದು.

ವಾರದೊಳಗೆ ಶಿರೂರಿನಿಂದ ನರ್ಮದಾ ಎಂಬ ಶಿಕ್ಷಕಿಯ ಫೋನ್ ಬಂತು. ಮೂಲ ಊರು ಗೋಕಾಕ.

"ನನಗ ಲಗ್ನ ಆಗಿಲ್ರಿ. ಅಡ್ಡಗೆರಿ ಹಾಕಿದ್ರ ನಿಮ್ಮ ಮಷಿನ್ ಒಲ್ಲೆ ಅಂತದ."

"ಯಾವುದಾರ ಹೆಸರು ಹಾಕ್ರಿ ಬಾಯಾರ, ನಡೀತದ," ಎಂದಳು ತ್ರಿವೇಣಿ.

"ಸೀರಿ ಸಲುವಾಗಿ ಗಂಡನ್ನ ಹುಟ್ಟಿಸ್ಲೇನು?" ಎಂದು ಆಕೆ ಫೋನ್ ಇಟ್ಟುಬಿಟ್ಟರು.

ತ್ರಿವೇಣಿಯ ಮುಖಕ್ಕೆ ಹೊಡೆದಂತಾಯಿತು. ಮುದುಕನನ್ನು ಮನಸ್ಸಿನಲ್ಲೇ ಹೀಯಾಳಿಸುತ್ತ ಚುಕ್ಕೆ ಇಟ್ಟ ಕೈ ತನ್ನದೇ ತಾನೆ? ಬಂದಿದ್ದ ಆರ್ಡರುಗಳನ್ನು ತೆರೆದು ನೋಡಿದಳು. ಗಂಡನ ಖಾನೆಯಲ್ಲಿ ಒಬ್ಬಾಕೆ 'ತೀರಿಕೊಂಡರು' ಎಂದು ಬರೆದಿದ್ದಳು, ಇನ್ನೊಬ್ಬಾಕೆ 'ಬಿಟ್ಟು ಹೋದ' ಎಂದು. ಮತ್ತೊಬ್ಬಾಕೆಯದು 'ನಿಮಗೇಕೆ?' ಆ ಖಾನೆಗೆ ಬಂದು ಆರ್ಡರನ್ನು ಅರ್ಧಕ್ಕೇ ಬಿಟ್ಟವರು ಇಪ್ಪತ್ತಮೂರು ಮಂದಿ.

ಎಲ್ಲವನ್ನೂ ಪ್ರಿಂಟ್ ತೆಗೆದು ಸಾಹೇಬರ ಮುಂದಿಟ್ಟಳು. ಅವರು ಹೊಟ್ಟೆ ಕುಣಿಸಿ ನಕ್ಕರು.

"ಹೆಣ್ಮಕ್ಕಳು ಭಾಳ ಶಾಣ್ಯಾ ಆಗ್ಯಾರ! ಇರ್ಲಿ, ತಗೀಬ್ಯಾಡ."

ಅವರು ಊಟಕ್ಕೆ ಎದ್ದು ಹೋದದ್ದೇ ತಡ, ತ್ರಿವೇಣಿ ಆ ಖಾನೆಯನ್ನು ಅಳಿಸಿ ಹಾಕಿದಳು. ಅಲ್ಲಿ 'ಸೀರೆಗೆ ಫಾಲ್ ಹಚ್ಚಿ ಕಳಿಸಬೇಕೆ?' ಎಂಬ ಪ್ರಶ್ನೆ ಇಟ್ಟಳು, ಚುಕ್ಕೆಯಿಲ್ಲದೆ. ಆಮೇಲೆ ನರ್ಮದಾ ಅವರಿಗೆ ಫೋನ್ ಮಾಡಿ ತಪ್ಪಾಯಿತೆಂದಳು.

"ಇಲ್ಲೇ ಪೇಟ್ಯಾಗ ತಗೊಂಡೆನವ್ವಾ. ಅಂಗಡಿಯಂವ ಬಣ್ಣ ಯಾವುದು ಅಂತ ಅಷ್ಟ ಕೇಳಿದ," ಎಂದರು ಆಕೆ.

ದೀಪಾವಳಿಯ ಹೊತ್ತಿಗೆ ಆರ್ಡರುಗಳು ದುಪ್ಪಟ್ಟಾದವು. ತಮ್ಮದೇ ಸೈಟನ್ನು ಒಮ್ಮೆಯೂ ತೆರೆದು ನೋಡದ ಸಾಹೇಬರು ವ್ಯಾಪಾರಿಗಳ ಸಭೆಯಲ್ಲಿ ಎದ್ದು ನಿಂತು, "ನಾವು ಗಂಡನ ಹೆಸರು ಕೇಳ್ತೀವ್ರಿ, ಅದಕ್ಕ ಮರ್ಯಾದಸ್ಥ ಗಿರಾಕಿ ಬರ್ತಾರ," ಎಂದು ಮೀಸೆ ತಿರುವಿದರು. ಚಪ್ಪಾಳೆ ಬಿತ್ತು.

ಹಿಂದಿನ ಸಾಲಿನಲ್ಲಿ ತ್ರಿವೇಣಿ ಅವಲಕ್ಕಿ ತಿನ್ನುತ್ತಿದ್ದಳು. ತಿದ್ದುವುದಕ್ಕೂ ಯೋಗ್ಯವಲ್ಲದ ಮಾತು ಅನ್ನಿಸಿತು. ಎದ್ದು ಹೋಗಿ ಇನ್ನೊಂದು ಪ್ಲೇಟು ಹಾಕಿಸಿಕೊಂಡಳು.