ಮುಡಿದ ಹೂವು ಸಾಮಾನಲ್ಲ

ಚೆರ್ರಿ ಹೂವಿನ ಕಾಲದಲ್ಲಿ ಜಪಾನಿಗೆ ಹೋಗಿ, ಹೂವನ್ನು ಸರಿಯಾಗಿ ನೋಡದೆ ವಾಪಸ್ಸು ಬಂದವರು ಯಾರಾದರೂ ಇದ್ದರೆ ಅದು ನಾನೊಬ್ಬಳೇ ಇರಬೇಕು. ಹತ್ತು ದಿನಕ್ಕೆಂದು ಹೋದವಳು ಆರನೇ ದಿನಕ್ಕೆ ಗಂಟುಮೂಟೆ ಕಟ್ಟಿದೆ. ಸಿಡ್ನಿಯ ನಾರ್ವೆಸ್ಟ್‌ನಲ್ಲಿದ್ದ ನಮ್ಮ ಆಫೀಸಿನವರು ಆಮೇಲೆ ಎಷ್ಟೋ ದಿನ ಫೋಟೊ ತೋರಿಸು ಅಂತ ಪ್ರಾಣ ತಿಂದರು. ತೆಗೆದದ್ದು ಹನ್ನೊಂದು. ಅದರಲ್ಲಿ ನಾಲ್ಕು ರೈಲ್ವೆ ಸ್ಟೇಷನ್ನಿನವು.

ನಾನು ಹೋಗಿದ್ದು ಹೂ ನೋಡುವುದಕ್ಕಲ್ಲ, ತಪ್ಪಿಸಿಕೊಳ್ಳುವುದಕ್ಕೆ. ಸಿಡ್ನಿಯಲ್ಲೇ ವೆಸ್ಟ್‌ಮೀಡ್ ಸ್ಟೇಷನ್ನಿನ ಹತ್ತಿರ ಬಾಡಿಗೆ ಫ್ಲಾಟಿನಲ್ಲಿದ್ದ ನನ್ನ ತಂಗಿಗೆ ಆಗ ಏಳು ತಿಂಗಳು. ಬಾಣಂತನಕ್ಕೆಂದು ಅವಳ ಅತ್ತೆ ಮೈಸೂರಿನಿಂದ ಬಂದಿದ್ದರು. ಏಪ್ರಿಲ್‌ನ ಒಂದು ಶನಿವಾರ ಸೀಮಂತ ಎಂದು ಗೊತ್ತಾಯಿತು. ಸೀಮಂತದಲ್ಲಿ ಮೊದಲು ಹೂ ಮುಡಿಸಬೇಕಾದವರು ತವರಿನವರು. ನಮ್ಮ ತಾಯಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಆ ಇಡೀ ಖಂಡದಲ್ಲಿ ತಂಗಿಗೆ ತವರು ಅಂತ ಇದ್ದವಳು ನಾನೊಬ್ಬಳು.

ಆದರೆ ನನಗೆ ಎರಡು ಸಲ ಗರ್ಭ ನಿಂತು ಎರಡೂ ಸಲ ಹೋಗಿತ್ತು. ಆಮೇಲೆ ನಾನೂ ಗಂಡನೂ ದೊಡ್ಡ ಜಗಳವೇನೂ ಇಲ್ಲದೆ ಬೇರೆಯಾಗಿದ್ದೆವು. ಅಂದಿನಿಂದ ನಮ್ಮವರ ಮನೆಗಳಲ್ಲಿ ಅರಿಶಿನ ಕುಂಕುಮದ ತಟ್ಟೆ ನನ್ನ ಮುಂದೆ ಬಂದಾಗ ಆಂಟಿಯರ ಕೈ ಒಂದು ಕ್ಷಣ ತಡೆಯುವುದನ್ನು ನೋಡಿ ನೋಡಿ, ಹೂ ಮುಡಿಯುವುದನ್ನೇ ಬಿಟ್ಟುಬಿಟ್ಟಿದ್ದೆ. ಕೊಡಲೋ ಬೇಡವೋ ಎಂಬ ಕಷ್ಟ ಅವರಿಗೂ ಬೇಡ, ನನಗೂ ಬೇಡ ಎಂದು.

ಸೀಮಂತಕ್ಕೆ ಎರಡು ವಾರವಿದ್ದಾಗ ತಂಗಿಯ ಅಡುಗೆಮನೆಯಲ್ಲಿ ಕೂತು ಬೀನ್ಸ್ ಹೆಚ್ಚುತ್ತಿದ್ದೆ. ಅವಳ ಅತ್ತೆ ಎದುರು ಕೂತು, ಬಹಳ ಮೆಲ್ಲಗೆ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೇಳಿದರು. "ನೀನು ಬೇಜಾರು ಮಾಡ್ಕೋಬಾರ್ದಮ್ಮ. ಬರ್ಬೇಡ ಅಂತಲ್ಲ. ನಿಂಗೆ ಎರಡು ಸಲ ಹಾಗಾಗಿದೆ ನೋಡು, ಹೂ ಮುಡಿಸೋವಾಗ ಸ್ವಲ್ಪ ಹಿಂದೆ ಇದ್ರೆ ಒಳ್ಳೇದು. ಮೊದಲನೇ ಹೂ ನಮ್ಮ ಕಡೆಯವರು ಯಾರಾದ್ರೂ ಮುಡಿಸ್ತಾರೆ."

ತಂಗಿ ಒಲೆಯ ಮುಂದೆ ನಿಂತು ಹುಳಿ ಕೈಯಾಡಿಸುತ್ತಿದ್ದಳು. ಅವಳು ತಿರುಗಿ ನೋಡಲಿಲ್ಲ. ಸೌಟು ಒಂದೇ ಸಮನೆ ತಿರುಗುತ್ತಲೇ ಇತ್ತು. ಅತ್ತೆಯ ಮಾತಿಗಿಂತ ಆ ಸೌಟಿನ ಸದ್ದು ನನಗೆ ಹೆಚ್ಚು ನಾಟಿತು.

"ಅಯ್ಯೋ, ಆ ವಾರ ನಾನು ಊರಲ್ಲೇ ಇರಲ್ಲ ಆಂಟಿ. ಜಪಾನ್‌ಗೆ ಟಿಕೆಟ್ ಬುಕ್ ಮಾಡಿಬಿಟ್ಟಿದ್ದೀನಿ," ಎಂದೆ. ಯಾವ ಟಿಕೆಟ್ಟೂ ಇರಲಿಲ್ಲ. ಮರುದಿನ ಆಫೀಸಿನಿಂದಲೇ ಬುಕ್ ಮಾಡಿದೆ. ಏಪ್ರಿಲ್‌ನಲ್ಲಿ ಅಲ್ಲಿ ಏನು ಚೆನ್ನಾಗಿರುತ್ತದೆ ಎಂದು ಕೂಡ ನೋಡಿರಲಿಲ್ಲ. ಹೂ ಬಿಡುವ ಕಾಲ ಎಂದು ಗೊತ್ತಾದದ್ದು ವಿಮಾನದಲ್ಲಿ ಪಕ್ಕದವರು ಹೇಳಿದಾಗ. ಹೂವಿನಿಂದ ಓಡಿಹೋಗಿ ಹೂವಿನ ಸಂತೆಗೇ ಬಿದ್ದಿದ್ದೆ, ನನ್ನ ಕರ್ಮ.

ಅಲ್ಲಿ ಒಂದು ಕಡೆ ನಿಲ್ಲಲು ಆಗಲಿಲ್ಲ. ಟೋಕಿಯೊದಲ್ಲಿ ಎರಡು ದಿನ, ಕ್ಯೋಟೊದಲ್ಲಿ ಮೂರು ದಿನ, ಸುಮ್ಮನೆ ರೈಲು ಹತ್ತುವುದು, ಇಳಿಯುವುದು, ನಡೆಯುವುದು. ಮರದ ಕೆಳಗೆ ಜನ ಚಾಪೆ ಹಾಸಿ ಬುತ್ತಿ ಬಿಚ್ಚಿ ನೆಮ್ಮದಿಯಾಗಿ ಕೂತಿರುತ್ತಿದ್ದರು. ನಾನು ಹತ್ತು ನಿಮಿಷ ಕೂರುವುದರೊಳಗೆ ಎದ್ದು ಚಪ್ಪಲಿ ಹುಡುಕುತ್ತಿದ್ದೆ. ಮನಸ್ಸಿನಲ್ಲಿ ಒಂದೇ ಲೆಕ್ಕ: ಇವತ್ತು ಬುಧವಾರ, ಬಳೆ ತಂದಿರುತ್ತಾರೆ. ಇವತ್ತು ಗುರುವಾರ, ಪೆಂಡಲ್ ಹಿಲ್‌ನ ಇಂಡಿಯನ್ ಅಂಗಡಿಯಲ್ಲಿ ಹೂವಿಗೆ ಹೇಳಿರುತ್ತಾರೆ. ಹಸಿರು ಸೀರೆಗೆ ಫಾಲ್ ಹಾಕಿಸಿದಳೋ ಇಲ್ಲವೋ.

ಆ ಗುರುವಾರವೇ ಕ್ಯೋಟೊದ ಕಾಲುವೆ ಪಕ್ಕದಲ್ಲಿ ಇಬ್ಬರು ಮುದುಕಿಯರು ಕ್ಯಾಮೆರಾ ನನ್ನ ಕೈಗೆ ಕೊಟ್ಟು ಫೋಟೊ ತೆಗೆಯಲು ಸನ್ನೆ ಮಾಡಿದರು. ಒಂದೇ ಮೂಗು, ಒಂದೇ ಗಲ್ಲ. ಅಕ್ಕ ತಂಗಿ ಎಂದು ಯಾರೂ ಹೇಳಬೇಕಾಗಿರಲಿಲ್ಲ. ನಾನು ಕ್ಲಿಕ್ ಮಾಡುವ ಹೊತ್ತಿಗೆ ದೊಡ್ಡವಳು "ತಡಿ" ಎನ್ನುವಂತೆ ಕೈ ಎತ್ತಿ, ಚಿಕ್ಕವಳ ಬಿಳಿ ಕೂದಲಲ್ಲಿ ಸಿಕ್ಕಿದ್ದ ಎಸಳುಗಳನ್ನು ಒಂದೊಂದಾಗಿ ತೆಗೆಯತೊಡಗಿದಳು. ಚಿಕ್ಕವಳು ಏನೋ ಗೊಣಗಿದಳು, ದೊಡ್ಡವಳು ಗದರಿದಳು, ಮತ್ತೆ ತೆಗೆದಳು. ನನಗೆ ಅವರ ಮೇಲೆ ಸಿಟ್ಟೇ ಬಂತು. ಫೋಟೊ ತೆಗೆದುಕೊಟ್ಟು ನೆಟ್ಟಗೆ ಸ್ಟೇಷನ್ನಿಗೆ ಹೋದೆ. ಯಾರೋ ಹಿಂದೆ ನಿಲ್ಲು ಎಂದರೆಂದು ದೇಶವನ್ನೇ ಬಿಟ್ಟು ಬಂದಿದ್ದೆನಲ್ಲ, ಎಂಥ ಪೆದ್ದಿ ನಾನು ಎನಿಸಿತು. ಹಿಂದೆ ನಿಂತಾದರೂ ನೋಡಬಹುದಿತ್ತು.

ಟೋಕಿಯೊಗೆ ವಾಪಸ್ಸಾಗಿ ಟಿಕೆಟ್ ಬದಲಿಸಲು ಹೋದರೆ, ಸಿಡ್ನಿಗೆ ನೇರ ವಿಮಾನದಲ್ಲಿ ಸೀಟಿರಲಿಲ್ಲ. ಮೆಲ್ಬರ್ನ್ ಮೇಲೆ ಸಿಕ್ಕಿತು. ಶನಿವಾರ ಬೆಳಿಗ್ಗೆ ಏಳಕ್ಕೆ ಮೆಲ್ಬರ್ನ್, ಒಂಬತ್ತಕ್ಕೆ ಅಲ್ಲಿಂದ ಇನ್ನೊಂದು ವಿಮಾನ, ಹತ್ತೂವರೆಗೆ ಸಿಡ್ನಿ. ಮುಹೂರ್ತ ಹನ್ನೆರಡಕ್ಕೆ. ಸಾಕಷ್ಟು ಸಮಯವಿತ್ತು. ತಂಗಿಗೆ ಫೋನ್ ಮಾಡಲಿಲ್ಲ. ಮಾಡಿದರೆ ಅವಳು ಸುಮ್ಮನಿದ್ದುಬಿಡುತ್ತಾಳೆ ಎಂಬ ಭಯ ನನಗೆ.

ಹೊರಡುವ ದಿನ ಟೋಕಿಯೊದ ವಸತಿಗೃಹದ ಬಾಗಿಲಲ್ಲಿ ಗಾಳಿಗೆ ಮುರಿದ ಒಂದು ಚಿಕ್ಕ ಗೊಂಚಲು ಬಿದ್ದಿತ್ತು. ಐದಾರು ಹೂ, ಒಂದು ಎಲೆ. ಎತ್ತಿಕೊಂಡೆ. ಎತ್ತಿಕೊಂಡ ಕೈ ತಾನಾಗಿ ತಲೆಗೆ ಹೋಯಿತು. ಜಡೆಯ ಬುಡಕ್ಕೆ ಸಿಕ್ಕಿಸಿ, ಪಿನ್ ಹಾಕಿ, ಗಾಜಿನ ಬಾಗಿಲಲ್ಲಿ ನೋಡಿಕೊಂಡೆ. ಮೂರು ವರ್ಷದ ಮೇಲೆ ಹೂ ಮುಡಿದಿದ್ದೆ. ನನ್ನ ಕಥೆ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ, ನನಗೆ ಖುಷಿಯಾಯಿತು. ವಿಮಾನ ಹತ್ತುವ ಗಡಿಬಿಡಿಯಲ್ಲಿ ಅದನ್ನು ಮರೆತೇಬಿಟ್ಟೆ.

ಮೆಲ್ಬರ್ನ್‌ನಲ್ಲಿ ಇಳಿಯುವ ಮೊದಲು ಕೊಡುವ ಕಸ್ಟಮ್ಸ್ ಕಾರ್ಡಿನಲ್ಲಿ ಒಂದು ಪ್ರಶ್ನೆಯಿತ್ತು: ಗಿಡ, ಗಿಡದ ಭಾಗ, ಹೂವು, ಬೀಜ ಏನಾದರೂ ತರುತ್ತಿದ್ದೀರಾ? ತಪ್ಪು ಬರೆದರೆ ದಂಡ ಹಾಕುತ್ತಾರೆಂದು ನಮ್ಮವರೆಲ್ಲರ ಹಾಗೆ ನನಗೂ ಆ ಕಾರ್ಡ್ ಎಂದರೆ ಹೆದರಿಕೆ. ಊರಿಂದ ಬರುವಾಗ ಸಾರಿನ ಪುಡಿಯನ್ನು ಕೂಡ ಬರೆಯುವವಳು ನಾನು. ಪೆಟ್ಟಿಗೆಯಲ್ಲಿ ಏನೇನಿದೆ ಎಂದು ಎರಡು ಸಲ ನೆನಪಿಸಿಕೊಂಡು, "ಇಲ್ಲ" ಎಂದು ಗುರುತು ಹಾಕಿದೆ.

ಬೆಲ್ಟ್ ಮೇಲಿಂದ ಪೆಟ್ಟಿಗೆ ಎಳೆಯಲು ಬಗ್ಗಿದಾಗ ಹಸಿರು ಕೋಟು ತೊಟ್ಟ ಒಂದು ಪುಟ್ಟ ನಾಯಿ ಬಂದು ನನ್ನನ್ನು ಮೂಸಿ, ಪಕ್ಕದಲ್ಲಿ ಶಿಸ್ತಾಗಿ ಕೂತಿತು. ನಾಯಿ ಕೂತಿತೆಂದರೆ ತರಬಾರದ್ದೇನೋ ಅದರ ಮೂಗಿಗೆ ಸಿಕ್ಕಿದೆ ಎಂದು ಅಲ್ಲಿ ಎಲ್ಲರಿಗೂ ಗೊತ್ತು. ನನ್ನನ್ನು ಸ್ಟೀಲ್ ಮೇಜಿನ ಮುಂದೆ ನಿಲ್ಲಿಸಿದರು. ಎತ್ತರದ, ನಿಧಾನ ಸ್ವಭಾವದ ಒಬ್ಬ ಅಧಿಕಾರಿ ಕೈಗವಸು ಹಾಕಿಕೊಂಡ. ಗಂಟೆ ಏಳೂಮುಕ್ಕಾಲು.

ಅವನು ಪೆಟ್ಟಿಗೆಯ ಪ್ರತಿ ಬಟ್ಟೆಯನ್ನೂ ಬಿಡಿಸಿದ. ಶೂಗಳನ್ನು ತಲೆಕೆಳಗು ಮಾಡಿ ತಟ್ಟಿದ. ಮಗುವಿಗೆಂದು ತಂದ ಪುಟ್ಟ ಕಾಲುಚೀಲದೊಳಗೂ ಬೆರಳು ಹಾಕಿದ. ಏನೂ ಇಲ್ಲ. ನಾಯಿಯನ್ನು ಮತ್ತೆ ಕರೆಸಿದ. ನಾಯಿ ಪೆಟ್ಟಿಗೆಯ ಕಡೆ ತಿರುಗಿಯೂ ನೋಡದೆ ನನ್ನ ಪಕ್ಕ ಬಂದು ಕೂತಿತು. ಕೈಚೀಲ ಸುರಿದದ್ದಾಯಿತು, ಜಾಕೆಟ್ಟಿನ ಜೇಬು ಆಯಿತು. ನಾನು ಗಡಿಯಾರ ನೋಡುವುದನ್ನು ಕಂಡು ಅವನ ಅನುಮಾನ ಇನ್ನೂ ಹೆಚ್ಚಿತು.

"ದಯವಿಟ್ಟು ಬೇಗ ಮಾಡಿ, ತಂಗಿಯ ಮನೆಯಲ್ಲಿ ಶಾಸ್ತ್ರ ಇದೆ," ಎಂದು ಬಾಗಿ ಬೇಡಿಕೊಂಡೆ. ಬಾಗಿದಾಗ ಎರಡು ಎಸಳು ಮೇಜಿನ ಮೇಲೆ ಬಿದ್ದವು.

ಇಬ್ಬರೂ ಅವನ್ನು ನೋಡಿದೆವು. ಆಮೇಲೆ ಅವನು ನನ್ನ ತಲೆ ನೋಡಿದ. "ಮೇಡಂ, ನಿಮ್ಮ ತಲೆಯ ಮೇಲೆ ಗಿಡ ಇದೆ," ಎಂದ.

"ಅದು ಸಾಮಾನಲ್ಲ, ಮುಡಿದದ್ದು," ಎಂದೆ. ನಮ್ಮ ಕಡೆ ಹೂ ಮುಡಿದವಳು ಹೂ ತರುತ್ತಿದ್ದಾಳೆ ಎಂದು ಯಾರೂ ಅನ್ನುವುದಿಲ್ಲ, ಮುಡಿದ ಮೇಲೆ ಅದು ಬಳೆಯ ಹಾಗೆ, ಮೈಮೇಲಿನದು, ಎಂದೆಲ್ಲ ಇಂಗ್ಲಿಷಿನಲ್ಲಿ ವಿವರಿಸಿದೆ. ಅವನು ತಾಳ್ಮೆಯಿಂದ ಕೇಳಿ, ಕಾರ್ಡನ್ನು ನನ್ನ ಕಡೆ ತಿರುಗಿಸಿ, ಹೂವು ಎಂಬ ಪದದ ಕೆಳಗೆ ಬೆರಳಿಟ್ಟ.

ಒಬ್ಬ ಹೆಂಗಸು ಅಧಿಕಾರಿ ಬಂದು ಜಡೆ ಬಿಚ್ಚಲು ಹೇಳಿದಳು. ತಟ್ಟೆಯ ಮೇಲೆ ತಲೆ ಬಗ್ಗಿಸಿ ನಿಂತೆ. ಅವಳು ಬಾಚಣಿಗೆಯಿಂದ ಒಂದೊಂದು ಎಸಳನ್ನೂ ಇಳಿಸಿದಳು. ಕಾಗದ ಬರೆದರು, ಎಚ್ಚರಿಕೆ ಕೊಟ್ಟರು, ಸಹಿ ಹಾಕಿಸಿಕೊಂಡರು. ಹೂವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮುಚ್ಚಿದರು. ಹೊರಗೆ ಓಡಿದೆ. ಒಂಬತ್ತರ ವಿಮಾನ ಹೋಗಿತ್ತು. ಮುಂದಿನದರಲ್ಲಿ ಸೀಟಿದ್ದದ್ದು ಹನ್ನೆರಡೂವರೆಗೆ.

ಏರ್‌ಪೋರ್ಟಿನ ಫೋನಿನಿಂದ ತಂಗಿಯ ಮನೆಗೆ ಮಾಡಿದೆ. ಅತ್ತೆ ಎತ್ತಿದರು.

"ನಾನು ಮೆಲ್ಬರ್ನ್‌ನಲ್ಲಿದ್ದೀನಿ ಆಂಟಿ. ಬರ್ತಾ ಇದ್ದೀನಿ. ಸ್ವಲ್ಪ ಲೇಟಾಗತ್ತೆ."

"ಜಪಾನ್‌ನಲ್ಲಿ ಅಲ್ವಾ ನೀನು?" ಆ ಕಡೆ ಪಾತ್ರೆಯ ಸದ್ದು, ಹೆಂಗಸರ ನಗು. "ಮುಹೂರ್ತ ಯಾರಿಗೂ ಕಾಯಲ್ಲಮ್ಮ. ಆಯ್ತು, ಹೇಳ್ತೀನಿ."

ಮೂರೂವರೆ ಗಂಟೆ ಆ ಏರ್‌ಪೋರ್ಟಿನಲ್ಲಿ ನಾನು ಕೂರಲಿಲ್ಲ. ಈ ತುದಿಯಿಂದ ಆ ತುದಿಗೆ ನಡೆದೆ. ಬಿಚ್ಚಿದ ಕೂದಲನ್ನು ಹಾಗೇ ಒಂದು ರಬ್ಬರಿನಲ್ಲಿ ಕಟ್ಟಿಕೊಂಡಿದ್ದೆ. ಸರಿಯಾಗಿ ಹನ್ನೆರಡಕ್ಕೆ ಕಿಟಕಿಯ ಹತ್ತಿರ ನಿಂತು, ಈಗ ಯಾರೋ ಮೊದಲನೇ ಹೂ ಮುಡಿಸುತ್ತಿದ್ದಾರೆ ಎಂದುಕೊಂಡು ಅತ್ತುಬಿಟ್ಟೆ.

ವೆಸ್ಟ್‌ಮೀಡ್ ಮುಟ್ಟಿದಾಗ ಮೂರೂವರೆ ದಾಟಿತ್ತು. ಬಾಗಿಲ ಹೊರಗೆ ಒಂದೂ ಚಪ್ಪಲಿಯಿರಲಿಲ್ಲ. ಬಂದವರೆಲ್ಲ ಊಟ ಮುಗಿಸಿ ಹೋಗಿದ್ದರು. ಬಾಗಿಲು ತೆಗೆದ ಅತ್ತೆ ನನ್ನ ಕೆದರಿದ ತಲೆಯನ್ನೇ ನೋಡಿದರು. "ಕೈಕಾಲು ತೊಳ್ಕೊ ಹೋಗು. ನೀನು ಬರ್ತೀಯ ಅಂತ ಹೇಳಿದ್ದೇ ತಪ್ಪಾಯ್ತು, ಇವಳು ಊಟಕ್ಕೆ ಕೂತಿಲ್ಲ. ಏಳು ತಿಂಗಳ ಬಸುರಿ," ಎಂದರು.

ತಂಗಿ ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದಳು. ಹಸಿರು ಸೀರೆ, ಮೊಳಕೈವರೆಗೆ ಬಳೆ, ಜಡೆ ತುಂಬ ಬಿಳಿ ಸೇವಂತಿಗೆ. ಅಲ್ಲಿ ಆಗ ಮಲ್ಲಿಗೆ ಸಿಗುವ ಕಾಲವಲ್ಲ. ನನ್ನನ್ನು ನೋಡಿ ಎದ್ದು ಬರಲಿಲ್ಲ.

"ಬರ್ಬೇಡ ಅಂತ ನಾನು ಹೇಳಿರ್ಲಿಲ್ಲ," ಎಂದಳು.

"ಬಾ ಅಂತಾನೂ ಹೇಳ್ಲಿಲ್ಲ."

"ಇಲ್ಲ." ಬಳೆಗಳನ್ನು ಮೊಳಕೈ ಕಡೆಗೆ ಸರಿಸಿಕೊಂಡಳು. "ಹೇಳ್ಬೇಕಿತ್ತು ಅಕ್ಕ. ಹೆದರಿಕೆ ಆಯ್ತು. ನಿಂಗೆ ಆದ ಹಾಗೆ ನಂಗೂ ಆದ್ರೆ ಅಂತ. ನಿಜ ಹೇಳ್ತಾ ಇದ್ದೀನಿ, ಬೈದ್ರೆ ಬೈಯಿ."

ಹೋಗಿ ಸೋಫಾದ ಮೇಲೆ ಅವಳ ಪಕ್ಕ ಕೂತೆ. ಆ ಹೆದರಿಕೆಯನ್ನು ನನಗಿಂತ ಚೆನ್ನಾಗಿ ಬಲ್ಲವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಅವಳು ಎರಡೂ ಕೈ ಹಿಂದಕ್ಕೆ ಹಾಕಿ, ಪಿನ್ನುಗಳನ್ನು ಕೀಳತೊಡಗಿದಳು. ಅಡುಗೆಮನೆಯ ಬಾಗಿಲಿಂದ ಅತ್ತೆ, "ಏನೇ ಅದು, ಶಾಸ್ತ್ರದ ಹೂ, ಸಂಜೆ ಆಗೋವರೆಗೂ ತೆಗೀಬಾರ್ದು," ಎಂದರು.

"ತೆಗೆದಾಯ್ತು ಅತ್ತೆ," ಎಂದಳು. ಹೂವಿನ ದಂಡೆಯನ್ನು ನನ್ನ ಮಡಿಲಿಗೆ ಹಾಕಿ, ಹೊಟ್ಟೆ ಹಿಡಿದುಕೊಂಡು ನಿಧಾನವಾಗಿ ಕೆಳಗೆ ಚಾಪೆಯ ಮೇಲೆ ಕೂತು, ನನಗೆ ಬೆನ್ನು ಮಾಡಿದಳು. "ಈಗ ನೀನು ಮುಡಿಸು. ಇದೇ ಮೊದಲ್ನೇದು."

ಮೊದಲ ಪಿನ್ ಅವಳ ತಲೆಗೆ ಚುಚ್ಚಿತು. "ಅಮ್ಮನೂ ಹಿಂಗೇ ಚುಚ್ಚೋಳು," ಎಂದಳು. ಅತ್ತೆ ಬಾಗಿಲಲ್ಲೇ ನಿಂತಿದ್ದರು. ಒಳಗೆ ಹೋಗಲೂ ಇಲ್ಲ, ಹತ್ತಿರ ಬರಲೂ ಇಲ್ಲ.

ಮುಡಿಸಿ ಮುಗಿದ ಮೇಲೆ ತಂಗಿ ತಿರುಗಿ ನನ್ನ ತಲೆ ನೋಡಿದಳು. "ಇದೇನು ಅವತಾರ?" ಎಂದಳು. ನಾಯಿಯ ಕಥೆ, ಎಸಳಿನ ಕಥೆ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಲೇ ತನ್ನ ದಂಡೆಯ ತುದಿಯಿಂದ ಎರಡು ಸೇವಂತಿಗೆ ಹರಿದು, ನನ್ನ ರಬ್ಬರ್ ಬ್ಯಾಂಡಿಗೆ ಸಿಕ್ಕಿಸಿದಳು. ಅವಳ ಕೈ ಒಂದು ಕ್ಷಣವೂ ತಡೆಯಲಿಲ್ಲ.

ಆಮೇಲೆ ಇಬ್ಬರೂ ಊಟಕ್ಕೆ ಕೂತೆವು. ಅತ್ತೆ ಬಡಿಸಿದರು.